ಒಣಮೀನಿನ ಡಬ್ಬಿಯೊಳಗಿನ ಒಪ್ಪಿಗೆ ಚೀಟಿ

ಮೊನ್ನೆ ಬೆಳಿಗ್ಗೆ ಅಮ್ಮ ಅಡುಗೆಮನೆಯಿಂದಲೇ ಕೂಗಿ, ನಾಗಂದಿಗೆಯ ಮೇಲಿರುವ ಬಿಸ್ಕೆಟ್ ಡಬ್ಬಿ ಇಳಿಸಿಕೊಡು ಎಂದಳು. ನಮ್ಮ ಮನೆಯ ಬಿಸ್ಕೆಟ್ ಡಬ್ಬಿಯಲ್ಲಿ ಬಿಸ್ಕೆಟ್ ಇದ್ದದ್ದನ್ನು ನಾನಂತೂ ನೋಡಿಲ್ಲ. ಅದರಲ್ಲಿರುವುದು ಒಣಮೀನು. ಮೀನಿನ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಅದರೊಳಗೆ ರೇಷನ್ ಕಾರ್ಡು, ಅಪ್ಪನ ಒಂದು ಫೋಟೊ, ನನ್ನ ಮದುವೆಯ ಕಾಗದ. ಕಳ್ಳ ಬಂದರೆ ಕಪಾಟು ಹುಡುಕುತ್ತಾನೆ, ಮೀನಿನ ಡಬ್ಬಿಗೆ ಮೂಗು ಹಾಕುವುದಿಲ್ಲ ಎನ್ನುವುದು ಅಮ್ಮನ ನಂಬಿಕೆ. ಕಳ್ಳ ಈವರೆಗೆ ಬಂದಿಲ್ಲವಾದ್ದರಿಂದ ಅವಳ ನಂಬಿಕೆ ತಪ್ಪು ಎಂದು ಹೇಳುವ ಹಾಗಿಲ್ಲ. ಆದರೆ ನಮ್ಮ ಮನೆಯ ದಾಖಲೆ ಹಿಡಿದುಕೊಂಡು ಯಾವ ಕಚೇರಿಗೆ ಹೋದರೂ ಗುಮಾಸ್ತರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಎದ್ದು ಹೋಗಿ ಕಿಟಕಿ ತೆಗೆಯುತ್ತಾರೆ. ನಮ್ಮ ಕೆಲಸ ಬೇಗ ಆಗುವುದು ಹಾಗೆ.

ಡಬ್ಬಿ ಇಳಿಸುವಾಗ ತೊಟ್ಟೆಯಿಂದ ನಾಲ್ಕು ಮಡಿಕೆಯ ಒಂದು ಕಾಗದ ಜಾರಿ ಕೆಳಗೆ ಬಿತ್ತು. ಬಿಡಿಸಿದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಶೈಕ್ಷಣಿಕ ಪ್ರವಾಸಕ್ಕೆ ಪೋಷಕರ ಒಪ್ಪಿಗೆ ಪತ್ರ’ ಎಂದಿತ್ತು. ವಿದ್ಯಾರ್ಥಿಯ ಹೆಸರು: ಸುರೇಶ. ಅದು ನಾನು. ವಯಸ್ಸು: ನಲವತ್ತೈದು. ಅದೂ ನಾನೇ, ಕೆಲವು ವರ್ಷದ ಹಿಂದಿನ ನಾನು. ಪೋಷಕರ ಸಹಿ ಇರುವಲ್ಲಿ ಅಮ್ಮನ ಕೈಬರಹದಲ್ಲಿ ‘ಸೀತು’ ಎಂದಿತ್ತು. ‘ತು’ವಿನ ಕೊಂಬು ಗೆರೆ ದಾಟಿ ಕೆಳಗಿನ ಸಾಲಿಗೆ ನೇತಾಡುತ್ತಿತ್ತು.

ನೀವು ನಗುವುದಾದರೆ ಈಗಲೇ ನಕ್ಕುಬಿಡಿ. ನಾನು ಟೈಪ್ ಮಾಡುವುದು ಒಂದೇ ಬೆರಳಿನಲ್ಲಿ. ನೀವು ನಕ್ಕು ಮುಗಿಸುವಷ್ಟರಲ್ಲಿ ನಾನು ಮುಂದಿನ ಸಾಲಿಗೆ ಬಂದಿರುತ್ತೇನೆ.

ನಾನು ಕುಂದಾಪುರದ ಪೇಟೆಯಲ್ಲಿ ಕೊಡೆ ರಿಪೇರಿ ಮಾಡುವವನು. ಮಳೆಗಾಲದಲ್ಲಿ ಕೊಡೆ, ಬೇಸಿಗೆಯಲ್ಲಿ ಬ್ಯಾಗಿನ ಜಿಪ್ಪು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮಾವನ ಅಂಗಡಿಯಲ್ಲಿ ಕೂತವನು ಹಾಗೆಯೇ ಕೂತುಬಿಟ್ಟೆ. ಮಗಳು ಹೈಸ್ಕೂಲಿಗೆ ಹೋಗತೊಡಗಿದ ಮೇಲೆ, ಅವಳು ಕೇಳುವ ಪ್ರಶ್ನೆಗಳಿಗೆಲ್ಲ ‘ನಿನ್ನ ಅಮ್ಮನನ್ನು ಕೇಳು’ ಎಂದು ಹೇಳಿ ಹೇಳಿ ಸಾಕಾಗಿ, ಹತ್ತನೇ ಕ್ಲಾಸಿನ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದೆ. ನನ್ನಂಥ ಏಳು ಜನರಿಗೆ ಸಂಜೆ ಪಾಠ ಹೇಳುತ್ತಿದ್ದವರು ಶ್ಯಾಮಲಾ ಟೀಚರ್. ನಿವೃತ್ತರಾದ ಮೇಲೂ ಸುಮ್ಮನೆ ಕೂರಲಾಗದೆ ದಿನಾ ಬ್ರಹ್ಮಾವರದಿಂದ ಬಸ್ಸು ಹಿಡಿದು ಬರುತ್ತಿದ್ದರು. ಸರಕಾರಿ ಶಾಲೆಯ ಒಂದು ಕೋಣೆ ನಮಗೆ ಸಿಕ್ಕಿತ್ತು. ಅದು ಎರಡನೇ ಕ್ಲಾಸಿನ ಕೋಣೆ. ಡೆಸ್ಕಿನ ಕೆಳಗೆ ನಮ್ಮ ಮೊಣಕಾಲು ಹೋಗುತ್ತಿರಲಿಲ್ಲ. ಹೋದರೆ ಹೊರಗೆ ಬರುತ್ತಿರಲಿಲ್ಲ. ಟೀಚರ್ ಒಳಗೆ ಬಂದಾಗ ಎದ್ದು ನಿಂತರೆ ಡೆಸ್ಕೂ ನಮ್ಮೊಂದಿಗೆ ಎದ್ದು ನಿಂತು ನಮಸ್ಕಾರ ಹೇಳುತ್ತಿತ್ತು.

ನನ್ನ ಡೆಸ್ಕಿನಲ್ಲಿ ಇನ್ನಿಬ್ಬರು. ಒಬ್ಬರು ಚಂದ್ರಣ್ಣ, ಬ್ರಹ್ಮಾವರ-ಹಾಲಾಡಿ ಖಾಸಗಿ ಬಸ್ಸಿನ ಕಂಡಕ್ಟರು. ಇನ್ನೊಬ್ಬರು ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಗಿರಿಜಕ್ಕ. ಹತ್ತನೇ ಕ್ಲಾಸ್ ಪಾಸಾದರೆ ಅವರಿಗೆ ಬಡ್ತಿ ಸಿಗುವ ಆಸೆ. ಚಂದ್ರಣ್ಣ ಯಾಕೆ ಓದುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ಕೇಳಿದರೆ, ‘ಸೀಟ್ ಖಾಲಿ ಇತ್ತ್, ಕೂಕಂಡೆ’ ಎನ್ನುತ್ತಿದ್ದರು.

ಕನ್ನಡದ ಕಿರುಪರೀಕ್ಷೆಯಲ್ಲಿ ಒಮ್ಮೆ, ‘ನೀವು ಕೈಗೊಂಡ ಒಂದು ಪ್ರವಾಸದ ಕುರಿತು ಪ್ರಬಂಧ ಬರೆಯಿರಿ’ ಎಂಬ ಪ್ರಶ್ನೆ ಬಂತು. ಚಂದ್ರಣ್ಣ ಬ್ರಹ್ಮಾವರದಿಂದ ಹಾಲಾಡಿಯವರೆಗಿನ ಎಲ್ಲಾ ಸ್ಟಾಪುಗಳನ್ನು ಕ್ರಮವಾಗಿ ಬರೆದರು. ಜಾಗ ಉಳಿದದ್ದರಿಂದ ಹಾಲಾಡಿಯಿಂದ ಬ್ರಹ್ಮಾವರದವರೆಗೆ ಉಲ್ಟಾ ಬರೆದರು. ಗಿರಿಜಕ್ಕ ಕೊಕ್ಕರ್ಣೆಯ ಒಂದು ಮದುವೆಗೆ ಹೋದದ್ದನ್ನು ಬರೆದರು. ಅದರಲ್ಲಿ ಮದುಮಗ, ಮದುಮಗಳು ಯಾರೂ ಇರಲಿಲ್ಲ. ಉಪ್ಪಿನಕಾಯಿಯಿಂದ ಪಾಯಸದವರೆಗೆ ಎಲೆಯ ಮೇಲೆ ಬಿದ್ದದ್ದಷ್ಟೇ ಇತ್ತು. ನಾನು ಬರೆದದ್ದು ಇಷ್ಟು: ‘ನಾನು ಯಾವ ಪ್ರವಾಸಕ್ಕೂ ಹೋಗಿಲ್ಲ. ಆದ್ದರಿಂದ ಬರೆಯಲು ಏನೂ ಇಲ್ಲ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿ.’

ಟೀಚರ್ ಮೂರೂ ಹಾಳೆ ಓದಿ ಮುಗಿಸಿದರು. ಆಮೇಲೆ ಚಾಕ್‌ಪೀಸು ಮೇಜಿನ ಮೇಲಿಟ್ಟು, ‘ಮಳೆ ಸ್ವಲ್ಪ ಕಡಿಮೆಯಾಗಲಿ. ಬೈಂದೂರಿನ ಒಳಗೆ, ಗುಡ್ಡದ ಬುಡದಲ್ಲಿ ಒಂದು ಸಣ್ಣ ಜಲಪಾತ ಉಂಟು. ಎಲ್ಲರೂ ಒಂದು ದಿನದ ಪ್ರವಾಸ ಹೋಗುವ’ ಎಂದರು. ನಾವು ಏಳೂ ಜನ ಚಪ್ಪಾಳೆ ತಟ್ಟಿದೆವು. ಆ ಸದ್ದಿಗೆ ಶಾಲೆಯ ಕಾವಲಿನವರು ಏನಾಯಿತೆಂದು ಓಡಿ ಬಂದರು.

ಮರುದಿನ ಟೀಚರ್ ಎಲ್ಲರಿಗೂ ಒಂದೊಂದು ಒಪ್ಪಿಗೆ ಪತ್ರ ಹಂಚಿದರು. ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲು ನಡೆಸಿದ ಕೈ ಅದು, ಪತ್ರವಿಲ್ಲದೆ ಯಾರನ್ನೂ ಗೇಟು ದಾಟಿಸಿ ಗೊತ್ತಿಲ್ಲ. ಚಂದ್ರಣ್ಣ ಎದ್ದು ನಿಂತರು, ಡೆಸ್ಕೂ ಎದ್ದಿತು.

‘ಟೀಚರ್, ನಂಗ್ ಅಪ್ಪ, ಅಬ್ಬಿ ಇಬ್ರೂ ಇಲ್ಲೆ. ಯಾರತ್ರ ಸೈನ್ ಹಾಕ್ಸುದ್?’

‘ಮನೆಯಲ್ಲಿ ನಿನ್ನನ್ನು ಬೈಯುವವರು ಯಾರು?’

‘ಹೆಂಡ್ತಿ.’

‘ಅವರದೇ ಸಹಿ ಆಗ್ತದೆ. ತಾಯಿತಂದೆ ಇದ್ದವರು ಮಾತ್ರ ಅವರದ್ದೇ ತರಬೇಕು.’

ಗಿರಿಜಕ್ಕನ ಪತ್ರಕ್ಕೆ ಕಾಲೇಜಿಗೆ ಹೋಗುವ ಅವರ ಮಗಳು ಸಹಿ ಮಾಡಿ, ಕೆಳಗೆ ‘ಮೊಬೈಲ್ ಜಾಸ್ತಿ ನೋಡದ ಹಾಗೆ ಗಮನಿಸಬೇಕಾಗಿ ವಿನಂತಿ’ ಎಂದು ಸೇರಿಸಿದ್ದಳು. ನನ್ನ ಹೆಂಡತಿಯೂ ನಗುತ್ತಾ ಪೆನ್ನು ತೆಗೆದಿದ್ದಳು. ಆದರೆ ನನಗೆ ಅಮ್ಮ ಇದ್ದಾಳಲ್ಲ.

ಇಲ್ಲಿ ನಾನು ಸ್ವಲ್ಪ ಹಿಂದೆ ಹೋಗಬೇಕು. ಹೋಗದಿದ್ದರೆ ನಲವತ್ತೈದರ ಗಂಡಸು ಒಂದು ಚೀಟಿ ಹಿಡಿದು ಅಮ್ಮನ ಮುಂದೆ ಯಾಕೆ ಅಷ್ಟು ಹಿಂಜರಿದ ಎಂದು ನಿಮಗೆ ತಿಳಿಯುವುದಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯಿಂದ ಜೋಗಕ್ಕೆ ಪ್ರವಾಸ ಹೊರಟಿತ್ತು. ಹೆಡ್ ಮಾಸ್ತರರು ಇಂಥದೇ ಚೀಟಿ ಕೊಟ್ಟಿದ್ದರು. ಅಮ್ಮ ಆಗ ಒಣಮೀನು ಮಾರುತ್ತಿದ್ದಳು. ವಾರದ ಸಂತೆಗೆ ಬುಟ್ಟಿ ಹೊತ್ತು ಹೋಗುವವಳು. ನಾನು ಚೀಟಿಯನ್ನು ಜೋಪಾನವಾಗಿರಲಿ ಎಂದು ಅವಳ ಹಳೆ ಪೇಪರಿನ ಕಟ್ಟಿನ ಮೇಲೆ ಇಟ್ಟು ಆಡಲು ಹೋದೆ. ನಮ್ಮ ಮನೆಯಲ್ಲಿ ಹಳೆ ಪೇಪರು ಓದುವುದಕ್ಕಲ್ಲ, ಮೀನು ಕಟ್ಟುವುದಕ್ಕೆ ಎನ್ನುವುದು ನನಗೆ ಗೊತ್ತಿತ್ತು. ಆದರೆ ಜೋಗದ ಗುಂಗಿನಲ್ಲಿ ಮರೆತುಹೋಗಿತ್ತು. ಸಂಜೆ ಬಂದು ನೋಡಿದರೆ ಬುಟ್ಟಿ ಖಾಲಿ, ಪೇಪರಿನ ಕಟ್ಟೂ ಖಾಲಿ. ನನ್ನ ಒಪ್ಪಿಗೆ ಪತ್ರದಲ್ಲಿ ಯಾರಿಗೋ ಒಣ ಚಟ್ಲಿ, ಅಂದರೆ ಒಣ ಸಿಗಡಿ, ಕಟ್ಟಿಕೊಟ್ಟಾಗಿತ್ತು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಅವಳಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆಂದು ಹೊಟ್ಟೆನೋವು, ಪ್ರವಾಸಕ್ಕೆ ಹೋಗುವುದಿಲ್ಲ ಎಂದು ಸುಳ್ಳು ಹೇಳಿದೆ. ಅದಕ್ಕೆ ಮೂರು ದಿನ ಓಮದ ಕಷಾಯ ಕುಡಿಯಬೇಕಾಯಿತು. ಆದರೂ ಪ್ರವಾಸದ ದಿನ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಹೋಗಿ ನಿಂತಿದ್ದೆ. ಚೀಟಿ ಇಲ್ಲದವನು ಬಸ್ಸು ಹತ್ತುವ ಹಾಗಿಲ್ಲ ಎಂದರು ಹೆಡ್ ಮಾಸ್ತರರು. ಬಸ್ಸು ಹೋಯಿತು. ಕಿಟಕಿಯಿಂದ ಒಬ್ಬ ನನ್ನತ್ತ ಚಕ್ಕುಲಿ ತೋರಿಸಿ ತಿಂದ. ಅವನ ಮುಖ ಮರೆತಿದೆ, ಚಕ್ಕುಲಿ ನೆನಪಿದೆ.

ಈಗ ಎರಡನೇ ಚೀಟಿ. ಅಂಗಳದಲ್ಲಿ ಕೂತು ಮೀನು ತಿರುವಿ ಹಾಕುತ್ತಿದ್ದ ಅಮ್ಮನ ಮುಂದೆ ಹಿಡಿದೆ. ಕೈಗೆ ಕೊಡಲಿಲ್ಲ, ದೂರದಿಂದ ತೋರಿಸಿದೆ.

‘ಇದೆಂತ ಮಗಾ?’

‘ಜಲಪಾತ ಕಾಂಬುಕ್ ಟೂರಿಗ್ ಹೋಪುದಕ್ಕೆ ಚೀಟಿ ಅಬ್ಬಿ. ನೀನ್ ಸೈನ್ ಹಾಕ್ಕ್.’ ನಮ್ಮಲ್ಲಿ ಅಮ್ಮನನ್ನು ಅಬ್ಬಿ ಎಂದೇ ಕರೆಯುವುದು.

‘ನಾನ್ ಎಂತಕೆ? ಮದಿ ಆಪು ಹೊತ್ತಿಗೆ ನನ್ ಸೈನ್ ಕೇಂಡಿದ್ಯಾ? ಅಂಗಡಿಗ್ ಸೇರು ಹೊತ್ತಿಗೆ ಕೇಂಡಿದ್ಯಾ? ನೀರ್ ಕಾಂಬುಕ್ ಹೋಪುದಕ್ಕೆ ಸೈನಾ?’

‘ಟೀಚರ್ ಹೇಳಿರ್. ಚೀಟಿ ಇಲ್ದಿರೆ ಟೆಂಪೊ ಹತ್ಸೂದಿಲ್ಲೆ ಅಂಬ್ರ್.’

‘ಸಣ್ಣ್ ಇಪ್ಪು ಹೊತ್ತಿಗೆ ಟೂರಿಗ್ ಹೋತಿಲ್ಲೆ ಅಂದ್ ಹಟ ಮಾಡದ್ದ್ ನೀನೇ ಅಲ್ದಾ? ಹೊಟ್ಟಿನೋವ್ ಅಂದಿದ್ದೆ.’

ಏನೋ ಆಯಿತು, ಬಾಯಿಂದ ಬಂದೇಬಿಟ್ಟಿತು. ‘ಹೊಟ್ಟಿನೋವ್ ಇರ್ಲಿಲ್ಲೆ ಅಬ್ಬಿ. ಚೀಟಿ ಇರ್ಲಿಲ್ಲೆ. ನೀನ್ ಅದ್ರಂಗೆ ಯಾರಿಗೊ ಚಟ್ಲಿ ಕಟ್ಟಿ ಕೊಟ್ಟಿದ್ದೆ.’

ಅಮ್ಮನ ಕೈ ನಿಂತಿತು. ಕಾಗೆಯೊಂದು ಇದೇ ಸಮಯವೆಂದು ಮೀನಿನ ಹತ್ತಿರ ಬಂದು ಕೂತಿತು. ಅವಳು ಓಡಿಸಲಿಲ್ಲ. ನನಗೆ ಯಾಕಾದರೂ ಹೇಳಿದೆನೋ ಅನಿಸಿತು. ಕಾಗೆಯನ್ನೇ ನೋಡುತ್ತಾ ಕೇಳಿದಳು.

‘ಯಾರಿಗ್ ಕೊಟ್ಟದ್ದ್?’

‘ಗೊತ್ತಿಲ್ಲೆ.’

‘ಅವ್ರ್ ಹೋದ್ರಾ ಹಂಗಾರ್, ಟೂರಿಗೆ?’

ನಾನು ನಕ್ಕೆ. ಅವಳು ನಗಲಿಲ್ಲ. ಕಾಗೆಯ ಕಡೆ ಒಂದು ಕಡ್ಡಿ ಎಸೆದು, ಸೆರಗಿಗೆ ಕೈ ಒರೆಸಿಕೊಂಡು, ‘ತಾ ಇಲ್ಲಿ’ ಎಂದಳು. ಅಮ್ಮನಿಗೆ ತನ್ನ ಹೆಸರಿನ ಎರಡು ಅಕ್ಷರ ಬರೆಯಲು ಬರುತ್ತದೆ. ಮಹಿಳಾ ಸಂಘದ ಪುಸ್ತಕಕ್ಕಾಗಿ ಕಲಿತದ್ದು. ಪೆನ್ನು ಕಾಗದಕ್ಕೆ ತಾಗಿಸಿದವಳು ಮತ್ತೆ ಎತ್ತಿದಳು.

‘ಹಾಕ್ತೆ. ಆರೆ ನೀರಿಗ್ ಇಳುಕಾಗ.’

‘ಅಬ್ಬಿ, ಜಲಪಾತಕ್ ಹೋಪುದೇ ನೀರಿಗ್ ಇಳುಕೆ.’

‘ಕಡಲ್ ಆರೆ ಮೂರ್ ದಿನ ಮುಂಚೆ ಕೂಗಿ ಹೇಳತ್ತ್, ಬತ್ತೆ ಅಂದ್. ಈ ಗುಡ್ಡಿ ನೀರ್ ಹೇಳ್ದೆ ಕೇಳ್ದೆ ಬಪ್ಪುದ್. ನಂಗದ್ರ್ ಮೇಲ್ ನಂಬ್ಕಿ ಇಲ್ಲೆ. ದೂರದಗೆ ನಿಂತ್ ಕಾಣ್. ಕಾಲ್ ಬೆರಳೂ ಅದ್ದುಕಾಗ. ಬರಿ ಅಲ್ಲ್, ಬರಿ.’

ಬರೆಸಿಯೇಬಿಟ್ಟಳು. ಸಹಿಯ ಕೆಳಗೆ ನನ್ನದೇ ಅಕ್ಷರದಲ್ಲಿ, ‘ಷರತ್ತು: ವಿದ್ಯಾರ್ಥಿಯು ನೀರಿಗೆ ಇಳಿಯತಕ್ಕದ್ದಲ್ಲ.’ ಟೀಚರ್ ಅದನ್ನು ಓದಿ, ಕನ್ನಡಕ ಸರಿಮಾಡಿಕೊಂಡು, ‘ಷರತ್ತಿಗೆ ಒಪ್ಪಿದ್ದೇನೆ’ ಎಂದು ಪಕ್ಕದಲ್ಲಿ ಸಹಿ ಹಾಕಿದರು. ಅಲ್ಲಿಗೆ ಅದು ಕಾನೂನಾಯಿತು.

ಹೊರಡುವ ದಿನ ಬೆಳಿಗ್ಗೆ ಅಮ್ಮ ಎರಡು ಒಣ ನಂಗು ಮೀನು ಹಿಡಿದು ಬಂದಳು. ನಂಗು ನೀವು ನೋಡಿರಬಹುದು. ಚಪ್ಪಟೆ ಮೀನು, ಉಪ್ಪು ಹಾಕಿ ಒಣಗಿಸಿದರೆ ಥೇಟ್ ಚಪ್ಪಲಿಯ ಅಟ್ಟೆ. ಗುಡ್ಡದ ಬುಡದಲ್ಲಿ ರಕ್ತ ಹೀರುವ ಉಂಬಳ ಇರುತ್ತದೆ, ಉಪ್ಪು ಕಂಡರೆ ಅದು ಬಿಟ್ಟು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಬೇರೆಯವರು ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡು ಹೋಗುತ್ತಾರೆ. ಅಮ್ಮನ ಅಭಿಪ್ರಾಯ ಬೇರೆ.

‘ಬರೀ ಉಪ್ಪ್ ಮಳಿಗ್ ಕರಗಿ ಹೋತ್ತ್. ಮೀನಿನ ಒಳಗ್ ಹೊಕ್ಕಿ ಕೂಕಂಡ ಉಪ್ಪ್ ಅಷ್ಟ್ ಬೇಗ ಬಿಡುದಿಲ್ಲೆ. ಕಾಲ್ ನೀಡ್.’

ನೀಡಿದೆ. ಎರಡೂ ಕಾಲಿನ ಗಂಟಿಗೆ ಒಂದೊಂದು ನಂಗು ಇಟ್ಟು ಬಾಳೆಯ ಹಗ್ಗದಿಂದ ಬಿಗಿದು, ಮೇಲಿಂದ ಸಾಕ್ಸ್ ಎಳೆದಳು. ನನ್ನ ಮಗಳು ಬಾಗಿಲಲ್ಲಿ ನಿಂತು ಮೂಗು ಹಿಡಿದುಕೊಂಡು ನೋಡುತ್ತಿದ್ದಳು. ನನಗೆ ಮಾತ್ರ ಕ್ರಿಕೆಟ್ ಆಡಲು ಹೊರಟವನ ಹಾಗೆ ಒಂದು ಗತ್ತು ಬಂದಿತ್ತು.

ಟೆಂಪೊದ ವಿಷಯ ಹೆಚ್ಚು ಹೇಳುವುದಿಲ್ಲ. ಚಂದ್ರಣ್ಣನಿಗೆ ಸೀಟಿನಲ್ಲಿ ಕೂತು ಪ್ರಯಾಣ ಮಾಡಿ ಅಭ್ಯಾಸವಿಲ್ಲ. ಸ್ವಲ್ಪ ಹೊತ್ತು ಚಡಪಡಿಸಿ ಕೊನೆಗೆ ಬಾಗಿಲಿಗೆ ಹೋಗಿ ಜೋತುಬಿದ್ದರು. ತಲ್ಲೂರು ದಾಟುವಾಗ ತಂತಾನೇ ಬಾಯಿ ಬಿಟ್ಟಿತು: ‘ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಬೈಂದೂರ್, ಬೈಂದೂರ್!’ ಹೆಮ್ಮಾಡಿಯಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದರು. ಚಂದ್ರಣ್ಣ ಸೀಟಿ ಊದಿದರು, ಡ್ರೈವರು ನಿಲ್ಲಿಸಿದ, ಅಜ್ಜಿ ಹತ್ತಿ ಗಿರಿಜಕ್ಕನ ಪಕ್ಕ ಕೂತರು. ಇದೆಲ್ಲ ಎಷ್ಟು ಸಲೀಸಾಗಿ ಆಯಿತೆಂದರೆ ಯಾರಿಗೂ ತಪ್ಪು ಅನಿಸಲೇ ಇಲ್ಲ. ಟೀಚರ್ ಹಿಂತಿರುಗಿ ತಲೆ ಎಣಿಸಿದರು. ಮತ್ತೆ ಎಣಿಸಿದರು.

‘ಚಂದ್ರ, ಇವರ ಒಪ್ಪಿಗೆ ಪತ್ರ ಎಲ್ಲಿ?’

ಅಜ್ಜಿ ಹೆದರಿ, ‘ನಂಗ್ ನಾವುಂದದಗೆ ಇಳಿಕಿತ್ತೇ, ಪತ್ರ ಎಲ್ಲ ಇಲ್ಲೆ’ ಎಂದರು. ಅವರನ್ನು ನಾವುಂದದಲ್ಲಿ ಮರ್ಯಾದೆಯಿಂದ ಇಳಿಸಿದೆವು. ಇಳಿಯುವಾಗ ಅವರು ಟೆಂಪೊದೊಳಗೆ ಮೂಗೆಳೆದು, ‘ಒಣ ನಂಗ್ ಯಾರ್ ತಂದದ್ದ್? ಒಳ್ಳೆ ಮಾಲ್’ ಎಂದು ಹೇಳಿ ಹೋದರು. ನಾನು ಕಾಲು ಒಳಗೆ ಎಳೆದುಕೊಂಡೆ.

ಟೆಂಪೊ ನಿಂತಲ್ಲಿಂದ ಜಲಪಾತಕ್ಕೆ ಸ್ವಲ್ಪ ದೂರ ನಡೆಯಬೇಕು. ಕೊನೆಯ ಮನೆಯ ಹತ್ತಿರ ಒಂದು ಕೆಂಪು ನಾಯಿ ಮಲಗಿತ್ತು. ನಾವು ದಾಟುವಾಗ ಅದು ಒಂದು ಕಣ್ಣು ತೆರೆಯಿತು, ಮೂಗು ಅಲ್ಲಾಡಿಸಿತು, ಎದ್ದು ಮೈಮುರಿದು ನನ್ನ ಹಿಂದೆ ಹೊರಟಿತು. ಸ್ವಲ್ಪ ಮುಂದೆ ಒಂದು ಕಪ್ಪು ನಾಯಿ. ಅದರಾಚೆ ಬಾಲ ಮೊಂಡಾದ ಇನ್ನೊಂದು. ಮೂರೂ ಬೊಗಳಲಿಲ್ಲ. ಶವಯಾತ್ರೆಗೆ ಬಂದವರ ಹಾಗೆ ತಲೆ ತಗ್ಗಿಸಿ, ನನ್ನ ಹಿಮ್ಮಡಿಗೆ ಮೂಗು ಚಾಚಿ ಸಾಲಾಗಿ ಬಂದವು.

‘ಸುರೇಸ, ನಿನ್ನ್ ಕಂಡ್ರೆ ಪ್ರಾಣಿಗಳಿಗ್ ಎಂತ ಪ್ರೀತಿ ಮರಾಯಾ!’ ಎಂದರು ಗಿರಿಜಕ್ಕ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಚಂದ್ರಣ್ಣನ ಕಾಲಿಗೆ ಏಳು ಉಂಬಳ ಹತ್ತಿತು. ಉಪ್ಪಿನ ಗಂಟು ತಂದಿದ್ದ ಟೀಚರಿಗೂ ಎರಡು. ನನ್ನ ಕಾಲಿಗೆ ಒಂದೂ ಇಲ್ಲ. ಕುತ್ತಿಗೆಗೆ ಒಂದು ಹತ್ತಿತು. ಕುತ್ತಿಗೆಗೆ ಮೀನು ಕಟ್ಟಿರಲಿಲ್ಲ.

ಜಲಪಾತ ನೋಡಿದೆ. ಎರಡು ತೆಂಗಿನಮರದ ಎತ್ತರ ಇರಬಹುದು, ದೊಡ್ಡದೇನಲ್ಲ. ಬಿಳಿ ಸೀರೆ ಒಣಹಾಕಿದ ಹಾಗೆ ಬಂಡೆಯ ಮೇಲಿಂದ ಬೀಳುತ್ತಿತ್ತು. ಕೆಳಗೆ ಮೊಣಕಾಲುದ್ದದ ತಿಳಿನೀರು, ಅಡಿಯ ಕಲ್ಲು ಒಂದೊಂದಾಗಿ ಕಾಣುತ್ತಿತ್ತು. ಎಲ್ಲರೂ ಇಳಿದರು. ಟೀಚರ್ ಕೂಡ ಸೀರೆ ಎತ್ತಿ ಕಟ್ಟಿ, ಧಾರೆಯ ಕೆಳಗೆ ನಿಂತು, ತೋಟದಲ್ಲಿ ನೀರು ಕುಡಿಯುವ ಹಕ್ಕಿಯ ಹಾಗೆ ಬಾಯಿ ತೆರೆದು ನಿಂತುಬಿಟ್ಟರು. ಅವರು ಹಾಗೆ ನಗುವುದನ್ನು ನಾವು ಯಾರೂ ನೋಡಿರಲಿಲ್ಲ.

ನಾನು ದಡದಲ್ಲಿ ನಿಂತಿದ್ದೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿದ ಏಳು ಮೊಬೈಲು, ನಾಲ್ಕು ವಾಚು, ಟೀಚರ ಕನ್ನಡಕ, ಗಿರಿಜಕ್ಕನ ಬಳೆ, ಚಂದ್ರಣ್ಣನ ಹಲ್ಲಿನ ಸೆಟ್ಟು, ಎಲ್ಲವನ್ನೂ ಮೈಮೇಲೆ ಹೊತ್ತುಕೊಂಡು ಕೋಟು ನೇತುಹಾಕುವ ಗೂಟದ ಹಾಗೆ ನಿಂತಿದ್ದೆ.

‘ಹ್ವಾಯ್ ಸುರೇಸ!’ ಚಂದ್ರಣ್ಣ ಹಲ್ಲಿಲ್ಲದ ಬಾಯಲ್ಲಿ ಕೂಗಿದರು. ‘ನಿನ್ನ್ ಅಬ್ಬಿ ಇಲ್ಲಿಗ್ ಬಂದ್ ಕಾಂತ್ರಾ? ಇಳಿ. ಬಟ್ಟಿ ಅರ್ಧ ಗಂಟಿಯಂಗೆ ಒಣಗತ್ತ್.’

‘ಬ್ಯಾಡ ಚಂದ್ರಣ್ಣ.’

‘ಒಂದ್ ಕಾಲ್ ಆರೂ ಅದ್ದ್!’

ಅದ್ದಬೇಕೆಂದು ನನಗೆ ಎಷ್ಟು ಆಸೆ ಇತ್ತೆಂದು ಬರೆದರೆ ನೀವು ನಂಬಲಾರಿರಿ. ಮೂವತ್ತೈದು ವರ್ಷದಿಂದ ಕಾದ ನೀರು ಒಂದು ಮಾರು ದೂರದಲ್ಲಿತ್ತು. ಆದರೆ ಮೊದಲ ಚೀಟಿಯ ವಿಷಯದಲ್ಲಿ ನಾನು ಅಮ್ಮನಿಗೆ ಸುಳ್ಳು ಹೇಳಿದ್ದೆ. ಎರಡನೆಯದು ಸುಳ್ಳಾಗುವುದು ಬೇಡ ಎಂದು ಮನಸ್ಸು ಹಟ ಹಿಡಿದು ಕೂತಿತ್ತು. ಹಟವೋ, ಕಷಾಯದ ನೆನಪೋ.

ಆಗ ಕೆಂಪು ನಾಯಿ ನನ್ನ ಬಲಗಾಲಿಗೆ ಬಾಯಿ ಹಾಕಿತು. ಕಚ್ಚಲಿಲ್ಲ, ಪಾಪ, ಬಹಳ ನಾಜೂಕಾಗಿ ಸಾಕ್ಸಿನ ತುದಿ ಹಿಡಿದು ಎಳೆಯಿತು. ನಾನು ಈ ಕಡೆ ಎಳೆದೆ. ಹಗ್ಗ ಕಡಿಯಿತು. ನಾಯಿ ನಂಗು ಮೀನನ್ನು ಸಾಕ್ಸಿನ ಸಮೇತ ಕಚ್ಚಿಕೊಂಡು ಕಾಡಿನೊಳಗೆ ಓಡಿತು. ಉಳಿದ ಎರಡು ನಾಯಿಗಳು ಅತ್ತ ನೋಡಿದವು, ಆಮೇಲೆ ನನ್ನ ಎಡಗಾಲು ನೋಡಿದವು.

ನಾನು ಹೇಗೆ ಹಾರಿದೆನೋ ನನಗೇ ತಿಳಿಯದು. ನೀರಿನ ನಡುವೆ ಒಂದು ಬಂಡೆ ಇತ್ತು, ಅದರ ಮೇಲಿದ್ದೆ. ಕಾಲು ನೋಡಿಕೊಂಡೆ, ಒಣಗಿಯೇ ಇತ್ತು. ನಾಯಿಗಳು ದಡದಲ್ಲಿ ಕೂತು ಕಾಯತೊಡಗಿದವು. ಅಷ್ಟರಲ್ಲಿ ಮಳೆ ಬಂತು. ಬಂತು ಎಂದರೆ ಸಾಲದು, ಕೊಡಪಾನ ಮಗುಚಿದ ಹಾಗೆ ಬಿತ್ತು. ಊರಿನವರ ಕೊಡೆಗಳನ್ನೆಲ್ಲ ಸರಿಮಾಡುವ ನಾನು, ನನ್ನ ಕೊಡೆಯನ್ನು ಊಟದ ಡಬ್ಬಿಗಳ ಮೇಲೆ ಬಿಡಿಸಿಟ್ಟು ಬಂದಿದ್ದೆ. ಎದುರಿಗೆ ಅನ್ನದ ಡಬ್ಬಿ ಬೆಚ್ಚಗೆ ಕೊಡೆಯಡಿ ಕೂತಿತ್ತು, ನಾನು ಬಂಡೆಯ ಮೇಲೆ ನೆನೆಯುತ್ತಿದ್ದೆ. ಕೊನೆಗೆ ಜಲಪಾತದ ಕೆಳಗೆ ನಿಂತವರಿಗಿಂತ ನಾನೇ ಹೆಚ್ಚು ಒದ್ದೆಯಾಗಿದ್ದೆ.

ಟೀಚರ್ ಸೀಟಿ ಊದಿ ಎಲ್ಲರನ್ನೂ ಮೇಲೆ ಹತ್ತಿಸಿದರು. ‘ಸುರೇಶ, ಇಳಿದು ಬಾ. ಮೊಣಕಾಲಿನಷ್ಟೇ ನೀರು.’

‘ಆಗೂದಿಲ್ಲ ಟೀಚರ್. ಷರತ್ತು ಉಂಟು. ನೀವೇ ಸಹಿ ಹಾಕಿದ್ದೀರಿ.’

‘ಹಾಗಾದರೆ ಹೇಗೆ ಹೋದೆಯೋ ಹಾಗೇ ಹಾರಿ ಬಾ!’

ಬಂಡೆ ಮಳೆಗೆ ಸೋಪಿನ ಹಾಗಾಗಿತ್ತು. ಹಾರಿದರೆ ನೇರ ನೀರಿಗೇ. ಗಿರಿಜಕ್ಕ ಮೊದಲು ನಾಯಿಗಳ ಸಮಸ್ಯೆ ಬಗೆಹರಿಸಿದರು. ಎಲ್ಲರಿಗೂ ಎಂದು ತಂದಿದ್ದ ಚಟ್ಲಿ ಚಟ್ನಿಯ ಡಬ್ಬಿಯನ್ನು ಅಳುಮುಖದಲ್ಲಿ ದೂರ ಸುರಿದು ಬಂದರು. ಆಮೇಲೆ ಚಂದ್ರಣ್ಣ ಬಂಡೆಯವರೆಗೆ ನಡೆದು ಬಂದು ನನಗೆ ಬೆನ್ನು ಕೊಟ್ಟರು.

‘ಹತ್ತ್. ಹಿಂದ್ ಹೋಯ್ನಿ, ಹಿಂದ್ ಹೋಯ್ನಿ, ಹಿಂದ್ ಜಾಗ ಇತ್ತ್.’

ನಾನು ಹತ್ತಿದೆ. ಎರಡು ಹೆಜ್ಜೆ ಸರಿಯಾಗಿ ಇಟ್ಟರು. ಮೂರನೆಯದಕ್ಕೆ ಕಲ್ಲು ಜಾರಿತು. ಚಂದ್ರಣ್ಣ ಎಡಕ್ಕೆ ವಾಲಿದರು. ದಡದಿಂದ ಟೀಚರೂ ಸೇರಿ ಎಲ್ಲರೂ ಒಂದೇ ಸ್ವರದಲ್ಲಿ ಕಿರುಚಿದರು: ‘ಕಾಲ್ ಎತ್ತ್! ಕಾಲ್ ಎತ್ತ್!’ ನಾನು ಎರಡೂ ಕಾಲು ಎತ್ತಿ ಚಂದ್ರಣ್ಣನ ಹೊಟ್ಟೆಯ ಸುತ್ತ ಗಂಟು ಹಾಕಿದೆ. ಚಂದ್ರಣ್ಣನಿಗೆ ಉಸಿರು ಕಟ್ಟಿತು. ಗಿರಿಜಕ್ಕ ನೀರಿಗೆ ಧುಮುಕಿ ಹಿಂದಿನಿಂದ ತಳ್ಳಿದರು. ಬಸ್ಸು ಕೆಸರಿನಿಂದ ಮೇಲೆ ಬರುವ ಹಾಗೆ ನಾವು ಮೂವರೂ ದಡಕ್ಕೆ ಬಂದು ಬಿದ್ದೆವು. ಟೀಚರ್ ಓಡಿಬಂದು ಕನ್ನಡಕ ಹಾಕಿಕೊಂಡು ನನ್ನ ಪಾದ ಪರೀಕ್ಷಿಸಿದರು. ನನ್ನ ಮೈಯಲ್ಲಿ ಒಣಗಿದ್ದ ಜಾಗ ಒಂದಿಂಚೂ ಇರಲಿಲ್ಲ. ಆದರೆ ಹೊಳೆಯ ನೀರು ತಾಗಿರಲಿಲ್ಲ.

‘ಇದನ್ನು ನಿನ್ನ ತಾಯಿಗೆ ಹೇಗೆ ಹೇಳ್ತಿ?’ ಎಂದು ಕೇಳಿ, ಟೆಂಪೊ ಹತ್ತಿದ ಮೇಲೆ ಅವರೇ ನನ್ನ ಒಪ್ಪಿಗೆ ಪತ್ರ ತೆಗೆದು ಅದರ ಹಿಂದೆ ಬರೆದುಕೊಟ್ಟರು: ‘ಸುರೇಶ ನೀರಿಗೆ ಇಳಿದಿಲ್ಲ. ನೀರೇ ಅವನ ಮೇಲೆ ಇಳಿದಿದೆ. ನಾನು ಕಣ್ಣಾರೆ ಕಂಡಿದ್ದೇನೆ.’

ಸಂಜೆ ಮನೆಗೆ ಬಂದರೆ ಅಮ್ಮ ಜಗಲಿಯಲ್ಲೇ ಇದ್ದಳು. ತಲೆಯಿಂದ ಕಾಲಿನವರೆಗೆ ನೋಡಿದಳು. ನನ್ನ ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

‘ಇಳಿದ್ಯಾ?’

‘ಇಲ್ಲೆ ಅಬ್ಬಿ. ಮಳಿ.’

ಟೀಚರ ಬರಹವನ್ನು ಗಟ್ಟಿಯಾಗಿ ಓದಿದೆ. ಅಮ್ಮ ಅದನ್ನು ಕೇಳಿದ ಹಾಗೆ ಮಾಡಲಿಲ್ಲ. ಬಗ್ಗಿ, ನನ್ನ ಎಡಗಾಲಿನ ಸಾಕ್ಸ್ ಇಳಿಸಿ, ಉಳಿದಿದ್ದ ಒಂದು ನಂಗು ಮೀನನ್ನು ಬಿಚ್ಚಿ ತೆಗೆದಳು. ಅದರ ಅಂಚಿನಿಂದ ಉಗುರಿನಷ್ಟು ಮುರಿದು, ನಾನು ‘ಅಬ್ಬಿ, ಬ್ಯಾಡ’ ಎನ್ನುವಷ್ಟರಲ್ಲಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ನನ್ನ ಹೆಂಡತಿ ಒಳಗೆ ಹೋದಳು, ಅವಳಿಗೆ ನೋಡಲಾಗಲಿಲ್ಲ. ನಾನು ಮಾತ್ರ ಫಲಿತಾಂಶದ ದಿನ ಬೋರ್ಡಿನ ಮುಂದೆ ನಿಂತವನ ಹಾಗೆ ನಿಂತಿದ್ದೆ.

‘ಉಪ್ಪ್ ಹಾಂಗೇ ಇತ್ತ್,’ ಎಂದಳು ಅಮ್ಮ. ‘ಹೊಳಿಗ್ ಇಳಿದಿರೆ ಉಪ್ಪ್ ಬಿಡ್ತಿತ್ತ್. ಇಂವ ಇಳಿಲಿಲ್ಲೆ.’

ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಎಲ್ಲಿಟ್ಟಳೆಂದು ನಾನು ಕೇಳಲಿಲ್ಲ. ಕಟ್ಟಲು ಪೇಪರು ಬೇಕಾಗಿರಬಹುದು ಎಂದುಕೊಂಡೆ.

ಮುಖ್ಯ ಪರೀಕ್ಷೆಯಲ್ಲಿ ಪ್ರವಾಸದ ಪ್ರಬಂಧ ಬರಲಿಲ್ಲ. ‘ಗ್ರಂಥಾಲಯಗಳ ಮಹತ್ವ’ ಬಂತು. ನಾನು ಒಂದು ಗ್ರಂಥಾಲಯಕ್ಕೆ ಪ್ರವಾಸ ಹೋದ ಹಾಗೆ, ದಾರಿಯಲ್ಲಿ ಜಲಪಾತ ಸಿಕ್ಕಿದ ಹಾಗೆ ಬರೆದೆ. ಪಾಸಾದೆ. ಗಿರಿಜಕ್ಕನೂ ಪಾಸು. ಚಂದ್ರಣ್ಣ ಗಣಿತದಲ್ಲಿ ಇನ್ನೂ ಪ್ರಯಾಣದಲ್ಲಿದ್ದಾರೆ. ಆದರೆ ಟೀಚರ್ ಪ್ರವಾಸ ಬಿಟ್ಟಿಲ್ಲ. ಪ್ರತಿ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ಹೊಸ ತಂಡ, ಹಳಬರಲ್ಲಿ ಬರುವವರು, ಒಂದು ಟೆಂಪೊ, ಕಡ್ಡಾಯವಾಗಿ ಒಪ್ಪಿಗೆ ಪತ್ರ. ಈ ಸಲದ ಜಾಗಕ್ಕೆ ಟೆಂಪೊ ಹೊಳೆಯ ಬುಡದವರೆಗೂ ಹೋಗುತ್ತದಂತೆ, ನಡೆಯುವುದೇ ಬೇಡವಂತೆ.

ಇದನ್ನೇ ಮೊನ್ನೆ ಚೀಟಿ ಹಿಡಿದು ನಾಗಂದಿಗೆಯ ಕೆಳಗೆ ನಿಂತು ಅಮ್ಮನಿಗೆ ಹೇಳುತ್ತಿದ್ದೆ. ಅವಳು ಡಬ್ಬಿಯಿಂದ ಮೀನು ಆರಿಸುತ್ತಾ ಕೇಳಿಸಿಕೊಂಡಳು.

‘ನಡೂಕಿಲ್ಲೆ ಅಂದ್ರ್ಯಾ?’

‘ಇಲ್ಲೆ ಅಂಬ್ರ್.’

‘ಹಂಗಾರ್ ನಂಗೂ ಒಂದ್ ಚೀಟಿ ತಾ.’

ಎಪ್ಪತ್ತು ದಾಟಿದ ಅಮ್ಮ, ಕಡಲು ಬಿಟ್ಟರೆ ಸಂತೆ, ಸಂತೆ ಬಿಟ್ಟರೆ ಮನೆ ಎಂದು ಇದ್ದವಳು.

‘ನೀನಾ? ಟೂರಿಗಾ?’

‘ಎಂತಕೆ, ನಾನ್ ಹೋಪುಕಾಗ್ದಾ? ನಾನೂ ಒಂದೂ ಟೂರಿಗ್ ಹೋಯ್ಲಿಲ್ಲೆ. ಸೈನ್ ನೀ ಹಾಕ್. ನಿನ್ನ್ ಬಿಟ್ರೆ ನಂಗ್ ಬೈವರ್ ಯಾರ್ ಇದ್ರ್?’ ಒಂದು ಮೀನು ಎತ್ತಿ ಮೂಸಿ, ಕೆಳಗಿಟ್ಟು ಮುಂದುವರಿಸಿದಳು. ‘ಕಾಣ್, ನೀರಿಗ್ ಇಳುಕಾಗ ಅಂದ್ ಎಲ್ಲ ಬರಿಯುಕಾಗ, ಹೇಳಿದ್ದೆ. ಅಷ್ಟ್ ದೂರ ಹೋಯಿ ದಡದಗ್ ನಿಂತ್ ಎಂತ ಮಾಡುದ್, ಹೆಡ್ಡರ್ ಹಂಗೆ?’

ಪತ್ರ ತಂದಿದ್ದೇನೆ. ವಿದ್ಯಾರ್ಥಿಯ ಹೆಸರು ಇರುವಲ್ಲಿ ಅವಳೇ ‘ಸೀತು’ ಎಂದು ಬರೆದಾಗಿದೆ. ಕೊಂಬು ಈ ಸಲವೂ ಕೆಳಗಿನ ಸಾಲಿಗೆ ಇಳಿದಿದೆ. ಪೋಷಕರ ಜಾಗದಲ್ಲಿ ನಾನು ಸಹಿ ಹಾಕಿದ್ದೇನೆ. ನೀರಿನ ಷರತ್ತು ಬರೆದಿಲ್ಲ. ಒಂದೇ ಒಂದು ಷರತ್ತು ಹಾಕಿದ್ದೇನೆ, ಟೀಚರೂ ಒಪ್ಪಿದ್ದಾರೆ: ವಿದ್ಯಾರ್ಥಿನಿಯು ಎರಡೂ ಕಾಲಿಗೆ ಒಣ ನಂಗು ಕಟ್ಟಿಕೊಂಡೇ ಬರತಕ್ಕದ್ದು.